ಚಾವಿ ಬೇಡದ ವಾಚು

ಗೆಳೆಯರೇ, ರಾಯಚೂರಿನ ನನ್ನ ವಾಚ್ ರಿಪೇರಿ ಅಂಗಡಿಗೆ ಚೀಕಲಪರ್ವಿಯ ಅಜ್ಜ ಇವತ್ತು ಮತ್ತೆ ಬಂದರು. ತೀರಿಹೋದ ಹೆಂಡತಿಯ ಹಳೇ ಚಾವಿ ವಾಚು ನಿಂತು ನಿಂತು ಓಡುತ್ತದೆ ಎಂದು ಹೋದ ವಾರ ತಂದಿದ್ದರು. ಅದರ ಸ್ಪ್ರಿಂಗ್ ಈಗ ಎಲ್ಲೂ ಸಿಗುವುದಿಲ್ಲ. ಬಾಳಿಕೆ ಬರಲಿ ಎಂದು ಒಳಗೆ ಬ್ಯಾಟರಿ ಮಿಷಿನ್ ಕೂಡಿಸಿ ಕೊಟ್ಟವನು ನಾನೇ.

"ಎಷ್ಟು ಚಾವಿ ಕೊಟ್ರೂ ತುಂಬವಲ್ದಲ್ಲೋ ತಮ್ಮಾ."

"ಇದಕ್ಕ ಚಾವಿನೇ ಬ್ಯಾಡ್ರೀ ಅಜ್ಜಾರ. ತಾನೇ ನಡೀತದ."

ಅಜ್ಜ ವಾಚನ್ನು ಕಿವಿಗೆ ಹಿಡಿದರು. "ಹಂಗಾರ ಮುಂಜಾನಿ ಎದ್ದು ನಾ ಏನ್ ಮಾಡ್ಲಿ? ಹಳೇ ಮಿಷಿನ್ನೇ ಹಾಕು. ನಿಂತ್ರೂ ನಡೀತದ."

ಆ ಹಳೇ ಮಿಷಿನ್ನಿನ ಚಕ್ರಗಳು ನಿನ್ನೆಯೇ ದೇವದುರ್ಗದ ಗಿರಾಕಿಯೊಬ್ಬರ ವಾಚಿಗೆ ಹೋಗಿವೆ. "ನೋಡ್ತೀನ್ರೀ" ಎಂದು ವಾಚು ಇಟ್ಟುಕೊಂಡೆ.

ನನ್ನ ಮುಂದೆಯೇ ಓಡುತ್ತಿದೆ. ಒಂದು ಸೆಕೆಂಡೂ ತಪ್ಪುತ್ತಿಲ್ಲ, ದರಿದ್ರದ್ದು.