ಓನರಮ್ಮನ ಪಾರಿವಾಳಗಳು

ಮೊಮ್ಮಕ್ಕಳೇ, ನಿಧಿ, ಚಿರಂತ್, ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಜರಗನಹಳ್ಳಿಯ ಈ ಬಾಡಿಗೆ ಮನೆಯ ಓನರಮ್ಮನ ಬೆರಳ ಸಂದುಗಳಲ್ಲಿ ಯಾವಾಗಲೂ ಬೂದಿಯಂಥ ಪುಡಿ ಇರುತ್ತಿತ್ತು. ತೀರಿಹೋದ ಗಂಡನ ಹೆಸರಿನಲ್ಲಿ ಅವರು ದಿನವೂ ತಾರಸಿಯಲ್ಲಿ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದರು. ಒಣಗಿದ ಹಿಕ್ಕೆಯನ್ನು ಕೆರೆದು, ಹಳೇ ಜರಡಿಯಲ್ಲಿ ಸೋಸಿ, ಗುಲಾಬಿ ಕುಂಡಗಳಿಗೆ ಗೊಬ್ಬರ ಮಾಡುತ್ತಿದ್ದರು.

ಗೇಟಿನ ಬೀಗದ ಕೈ ಅವರ ಸೆರಗಿನಲ್ಲೇ. ನಮ್ಮ ಮನೆಗೆ ಯಾರೇ ಬಂದರೂ ಅಲ್ಲೇ ವಿಚಾರಣೆ: "ಯಾರ್ ನೀನು? ಎಷ್ಟೊತ್ತಿಗೆ ವಾಪಸ್ ಹೋಗ್ತೀಯ?"

ನಿಮ್ಮ ತಾತ ಹೋದಾಗ ಮನೆ ಬಿಡಿಸುತ್ತಾರೆಂದು ನಡುಗಿದ್ದೆ. "ಸತ್ತೋನು ಸತ್ತ. ಇಲ್ಲೇ ಬಿದ್ದಿರು. ಬಾಯಿ ಬಿಡೋದ್ ಕಲಿಯೇ, ಮೂಗಿ," ಎಂದರು. ಅವರ ಕರುಣೆಯೂ ಹಾಗೆಯೇ ಕಚ್ಚುತ್ತಿತ್ತು.

ಮಂಡಿನೋವಿಗೆ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆಗಳನ್ನು ತಾವೇ ತರಿಸಿ ನುಂಗಿದರು. ಒಂದು ಬೇಸಿಗೆಯಲ್ಲಿ ತಲೆನೋವು ಹಿಡಿದದ್ದು ಬಿಡಲಿಲ್ಲ. ಮಾತು ತೊದಲತೊಡಗಿದಾಗ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ.

"ಮನೇಲಿ ಪಾರಿವಾಳ ಇದ್ಯಾ ಅಮ್ಮ?" ಡಾಕ್ಟರು ಕೇಳಿದರು.

"ಅಂಥ ಗಲೀಜು ನಮ್ಮನೇಲಿಲ್ಲ."

ಪರಗಂಡಸರೆದುರು ತಲೆಯೆತ್ತದ ನಾನು ಅಂದು ಬಾಯಿ ಬಿಟ್ಟೆ. "ಇದೆ ಡಾಕ್ಟ್ರೇ. ದಿನಾ ಹಿಕ್ಕೆ ಜರಡಿ ಹಿಡೀತಾರೆ. ಸ್ಟೆರಾಯ್ಡೂ ತಗೋತಾರೆ." ಓನರಮ್ಮ ನನ್ನನ್ನು ಸುಡುವಂತೆ ನೋಡಿದರು.

ಬೆನ್ನುಹುರಿಯ ನೀರು ತೆಗೆದು ನೋಡಿದರು. ಒಣ ಹಿಕ್ಕೆಯ ಪುಡಿಯೊಡನೆ ಉಸಿರಿನಲ್ಲಿ ಒಳಹೋದ ಫಂಗಸ್ಸು ಮೆದುಳು ಸೇರಿತ್ತು. "ಅದು ಮೈಮೇಲೆ ಲೋಳೆ ಹೊದ್ಕೊಂಡಿರುತ್ತಮ್ಮ," ಡಾಕ್ಟರು ನನಗೆ ಹೇಳಿದರು. "ಬಿಳಿ ರಕ್ತಕಣಕ್ಕೆ ಗುರುತು ಸಿಗಲ್ಲ. ನುಂಗಿದ್ರೂ ಅರಗಲ್ಲ. ಅದರೊಳಗೇ ಕೂತು ಬೆಳೆಯುತ್ತೆ, ಅದನ್ನೇ ಗಾಡಿ ಮಾಡ್ಕೊಂಡು ಮೆದುಳಿಗೆ ಹೋಗುತ್ತೆ. ಸ್ಟೆರಾಯ್ಡ್ ಬೇರೆ ಆ ಕಣಗಳ ಕೈ ಕಟ್ಟಿಹಾಕಿದೆ."

ಗೇಟಿನಲ್ಲಿ ನನ್ನ ಸ್ವಂತ ತಮ್ಮನನ್ನೂ ಒಳಗೆ ಬಿಡದವರ ಮೈಯಲ್ಲಿ, ಕಾವಲಿನವರೇ ಕಳ್ಳನನ್ನು ಹೊತ್ತು ತಿರುಗಿದ್ದರು.

ಔಷಧಿ ಏರಿಸುತ್ತಲೇ ಇದ್ದರು. ಆದರೂ ಕಣ್ಣು ಹೋಯಿತು. ಗಂಜಿ ಕುಡಿಸಲು ಹೋದವಳ ಕೈ ತಡವಿ, "ಹಕ್ಕಿಗೆ ಕಾಳು ಹಾಕ್ದೇನೇ, ಚಾಡಿಕೋರಿ?" ಎಂದರು. ಅಷ್ಟರಲ್ಲಿ ಅವರ ಮಗ ತಾರಸಿಗೆ ಬಲೆ ಕಟ್ಟಿಸಿ, ಕುಂಡಗಳನ್ನೆಲ್ಲ ಎಸೆಯಿಸಿದ್ದ.

"ಹಾಕ್ದೆ ಅಮ್ಮ."

"ಸುಳ್ಳು. ಬಾಯಿ ಬಿಡೋದ್ ಕಲಿಸಿದ್ದು ಇದಕ್ಕಾ?"

ನನ್ನೊಡನೆ ಅವರಾಡಿದ ಕೊನೆಯ ಮಾತು ಅದು. ಅದೇ ವಾರ ಹೋದರು.

ಇವತ್ತು ನಾನು ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡುವುದು ಅವರಿಂದ. ಕಲಿಸಿದವರನ್ನು ಮಾತ್ರ ಆ ಮಾತು ಉಳಿಸಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ತಾರಸಿಯ ಕೋಣೆಯಲ್ಲಿಡಬೇಡಿ. ಬಲೆ ಹರಿದಿದೆ, ಪಾರಿವಾಳಗಳು ಮತ್ತೆ ಬರುತ್ತಿವೆ. ಕೆಳಗೆ ನನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಜೋಪಾನವಾಗಿಡಿ.