ಉಗ್ರಾಣದ ಚಿಲಕ

ಗಂಡ ತೀರಿಕೊಂಡಾಗಿನಿಂದ ಆ ಶಾಲೆಯ ಕಸ, ಗಂಟೆ, ಮಕ್ಕಳ ಸುರಿಯುವ ಮೂಗು ಎಲ್ಲವೂ ಆಯಾಳ ಪಾಲಿನದೇ. ನೆರೆ ಬಂದು ಊರಿನ ಅರ್ಧ ಜನ ಶಾಲೆಯಲ್ಲೇ ಬೀಡುಬಿಟ್ಟ ಮೇಲೆ ಇನ್ನೊಂದು ಕೆಲಸ ಗಂಟುಬಿತ್ತು: ಹೆಂಗಸರ ಪಾಯಿಖಾನೆಯ ಬಾಗಿಲು ಹಿಡಿದು ನಿಲ್ಲುವುದು. ಚಿಲಕ ತುಕ್ಕು ಹಿಡಿದು ಕಳಚಿಬಿದ್ದಿತ್ತು. ಎದುರಿಗೇ ನಲ್ಲಿ, ಅಲ್ಲಿ ಯಾವಾಗಲೂ ಮುಖ ತೊಳೆಯುವ ಗಂಡಸರು. ಒಳಗೆ ಹೋದವಳು ಕೆಮ್ಮಿದರೂ ಈಚೆ ತಲೆಗಳು ತಿರುಗುತ್ತಿದ್ದವು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು.

ಆಯಾಳ ಮಗಳೂ ಬಿಟ್ಟಳು. ಹಸಿ ಬಾಣಂತಿ. ಎದೆಹಾಲು ಬತ್ತುತ್ತ ಬಂದು, ಕೂಸು ಅತ್ತು ಅತ್ತು ಗಂಟಲು ಕಟ್ಟಿಹೋಗಿತ್ತು.

“ಒಂದು ಲೋಟ ಕುಡಿಯೇ, ನನ್ನವ್ವ.”

“ಆಮೇಲೆ ಹೋಗ್ಬೇಕಲ್ಲಮ್ಮ. ನೀನು ಗುಡಿಸೋಕೆ ಹೋದ್ರೆ ಬಾಗ್ಲು ಯಾರು ಹಿಡೀತಾರೆ?”

ಆವತ್ತು ನೆರವಿನ ಸಂಸ್ಥೆಯ ಹುಡುಗಿ ಬಂದಳು. ಒಳ್ಳೆಯವಳು, ಪ್ಯಾಡಿನ ಡಬ್ಬಗಳನ್ನು ತಾನೇ ಹೊತ್ತು ತಂದಿದ್ದಳು. ದೊಡ್ಡ ಕೊಠಡಿಯ ನಡುವೆ ನಿಂತು, “ಹೆಂಗಸ್ರಿಗೆ ಇನ್ನೇನಾದ್ರೂ ಬೇಕಾ? ಸಂಕೋಚ ಬೇಡ, ಹೇಳಿ,” ಎಂದಳು. ಗೋಡೆಗೊರಗಿ ಮಾವಂದಿರು, ಭಾವಂದಿರು ಕೂತಿದ್ದರು. ಹೆಂಗಸರು ಉಗುರು ನೋಡಿಕೊಂಡರು. ಆಯಾ ಬಾಯಿ ತೆರೆದಳು. ಅಷ್ಟರಲ್ಲಿ ಬೀಗರ ಮುಖ ಕಣ್ಣಿಗೆ ಬಿತ್ತು.

“ಏನೂ ಬೇಡಮ್ಮ, ಎಲ್ಲಾ ಇದೆ,” ಅಂದುಬಿಟ್ಟಳು.

ಹುಡುಗಿಯ ಗಾಡಿ ಗೇಟು ದಾಟಿದ ಮೇಲೆ ತನ್ನ ನಾಲಿಗೆಯ ಮೇಲೇ ಆಯಾಳಿಗೆ ರೋಷ ಬಂತು. ಬೆಂಚು ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು ನೆಟ್ಟಗೆ ಉಗ್ರಾಣಕ್ಕೆ ನಡೆದಳು. ಪರಿಹಾರದ ಸಾಮಾನಿಗೆಂದು ಅದರ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದರು.

“ಆಯಮ್ಮ, ಇದೇನ್ ಬಿಚ್ತಿದೀರಾ?” ಅಕ್ಕಿ ಅಳೆಯುತ್ತಿದ್ದ ಗುಮಾಸ್ತ ಎದ್ದು ನಿಂತ. “ಬಿಸ್ಕತ್ತು ಯಾರು ಕಾಯೋದು?”

“ನೀವೇ ಬಾಗ್ಲು ಹಿಡ್ಕೊಂಡು ನಿಂತ್ಕೊಳ್ಳಿ, ಸ್ವಾಮಿ. ನಾವು ನಿಂತಿಲ್ವಾ? ಬಿಸ್ಕತ್ತಿಗೇನು ನಾಚ್ಕೆನಾ, ಮಾನನಾ!”

“ಸಾಹೇಬ್ರು ಕೇಳಿದ್ರೆ?”

“ಆಯಾ ಕಿತ್ಕೊಂಡ್ಲು ಅನ್ನಿ. ಇಲ್ಲಿಗೇ ಬರ್ಲಿ, ಎಲ್ರೆದುರೂ ಹೇಳ್ತೀನಿ ಯಾಕೆ ಅಂತ.”

ಪಾಯಿಖಾನೆಯ ನೆನೆದ ಮರಕ್ಕೆ ಮೂರೇ ಸ್ಕ್ರೂ ಕಚ್ಚಿದವು. ಸಾಕು. ಮಗಳು ಒಳಗೆ ಹೋಗಿ ಚಿಲಕ ಎಳೆದಳು. ಆಯಾ ಹೊರಗೇ, ಹಲಗೆಗೆ ಅಂಗೈ ಒತ್ತಿ ನಿಂತೇ ಇದ್ದಳು.

“ಅಮ್ಮಾ, ಹಾಕ್ಕೊಂಡಿದೀನಿ. ಹೋಗು.”

“ಹೋದೆ ಕಣೇ,” ಎಂದಳು, ಹೋಗದೆ.

ಹೊರಬಂದವಳು ನಲ್ಲಿಯ ಹತ್ತಿರ ಗಂಡಸರ ಪಕ್ಕದಲ್ಲೇ ನಿಂತು, ಬೊಗಸೆ ತುಂಬಾ ಹಿಡಿದು ಕುಡಿದಳು. ಮತ್ತೆ ಹಿಡಿದಳು. ಕೊಠಡಿಯಿಂದ ಕೂಸಿನ ಒಡಕು ದನಿ ಕೇಳುತ್ತಲೇ ಇತ್ತು. ಎದೆ ತುಂಬಲು ಇನ್ನೆಷ್ಟು ಹೊತ್ತು ಬೇಕೋ. “ಸಾವಕಾಶ, ನೆತ್ತಿಗೇರೀತು,” ಎನ್ನುತ್ತ ಆಯಾ ಅವಳ ಬೆನ್ನು ಸವರಿದಳು.