ನಕ್ಷೆ ಹಿಡಿದು ಕರಿಗುಡ್ಡಕ್ಕೆ ಬಂದ ಬಸ್ಸು

ಬೆಳಕು ಹರಿಯುವ ಹೊತ್ತು. ಕುಂಚಾವರಂ ಕಾಡಿನಂಚಿನ ಪುಟ್ಟ ಊರು ಕರಿಗುಡ್ಡ. ಅಲ್ಲಿ ರಾಶಿ ಮಾಡುವ ಕಣದಲ್ಲಿ ಅತಿಥಿ ಶಿಕ್ಷಕಿ ಮೈತ್ರಿ ಸೆರಗು ಸಿಕ್ಕಿಸಿಕೊಂಡು ಕಲ್ಲು ಎತ್ತಿ ಬದಿಗಿಡುತ್ತಿದ್ದಾರೆ. ಎಂಟನೇ ತರಗತಿಯ ಮಕ್ಕಳು ಕಸಬರಿಗೆ ಹಿಡಿದಿದ್ದಾರೆ. ಇವತ್ತು ಊರಿಗೆ ಮೊದಲ ಸಲ ಬಸ್ಸು ಬರಬೇಕು. ಬಂದರೆ ಇಲ್ಲೇ ತಿರುಗಬೇಕು.

“ಟೀಚರ್, ಬರ್ತದೋ ಇಲ್ಲೋ?” ಭಾಗ್ಯಜ್ಯೋತಿ ಕೇಳುತ್ತಾಳೆ.

“ಬರ್ತದ. ಮೊದಲ ಆ ಜಾಲಿಮುಳ್ಳು ತೆಗಿ. ಪಂಕ್ಚರ್ ಆದ್ರ ಬಸ್ಸು ಇಲ್ಲೇ ಉಳೀತದ ನೋಡು.”

ಈ ಹುಡುಗಿಯ ಅವಸರಕ್ಕೆ ಕಾರಣವಿದೆ. ಊರಿನ ಶಾಲೆ ಎಂಟನೇ ತರಗತಿಗೇ ಮುಗಿಯುತ್ತದೆ. ಹೈಸ್ಕೂಲು ಕುಂಚಾವರಂನಲ್ಲಿ, ನಡುವೆ ಕಾಡು. “ಬಸ್ಸಿದ್ರ ಕಳಸ್ತೀನಿ, ಇಲ್ಲಾಂದ್ರ ಮನ್ಯಾಗ ಇರ್ಲಿ,” ಎಂದು ತಂದೆ ಭೀಮಶ್ಯಾ ಹೇಳಿಬಿಟ್ಟಿದ್ದರು. ಬಸ್ ಡಿಪೋದವರದು ಒಂದೇ ಮಾತು: ಅಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ.

ಮೈತ್ರಿ ಚಿತ್ತಾಪುರದವರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಗೋಡೆಯ ಭೂಪಟದಲ್ಲಿ ಮಕ್ಕಳು ನೈಲ್ ನದಿ ತೋರಿಸುತ್ತಿದ್ದರು. ತಮ್ಮ ಹಳ್ಳ ಅದರಲ್ಲಿ ಇರಲಿಲ್ಲ. ಮೈತ್ರಿ ತಮ್ಮ ಮೊಬೈಲನ್ನೇ ಕೊಟ್ಟು ಊರಿನ ಕಥಾನಕ್ಷೆ ಮಾಡಿಸಿದರು. ನಕ್ಷೆಯಲ್ಲಿ ಒಂದು ಜಾಗ ಗುರುತಿಸುವುದು, ಅದರ ಕಥೆಯನ್ನು ಊರವರ ದನಿಯಲ್ಲೇ ಸೇರಿಸುವುದು. ಗುರುತು ಒತ್ತಿದರೆ ದನಿ ಕೇಳುತ್ತದೆ.

ಮೊದಲ ನಕ್ಷೆಯಲ್ಲಿ ಬಾವಿ, ಹಳ್ಳ, ಶಾಲೆ ಎಲ್ಲವೂ ಗುಡ್ಡದ ತುದಿಯಲ್ಲೇ ಇದ್ದವು! ಮೊಬೈಲು ಗುರುತಿಸುವುದು ನಾವು ನಿಂತ ಜಾಗವನ್ನು, ಸಿಗ್ನಲ್ ಸಿಗುವುದು ಗುಡ್ಡದ ಮೇಲೆ ಮಾತ್ರ. ಮಕ್ಕಳು ಕಥೆ ಕೇಳಿಕೊಂಡು ಹೋಗಿ, ಅಲ್ಲೇ ನಿಂತು ಎಲ್ಲ ಗುರುತು ಹಾಕಿದ್ದರು. “ಊರಿಗೆ ಊರೇ ಗುಡ್ಡ ಏರಿಸಿ ಕುಂದ್ರಿಸೀರಲ್ರೋ ಅಂದೆ. ನಕ್ಕು ನಕ್ಕು ಸಾಕಾಯ್ತ್ರಿ,” ಎನ್ನುತ್ತಾರೆ ಮೈತ್ರಿ. ಆಮೇಲೆ ಗುರುತು ಆಯಾ ಜಾಗದಲ್ಲಿ, ಕಳಿಸುವುದು ಗುಡ್ಡದ ಮೇಲಿಂದ ಎಂದಾಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳೊಡನೆ ಅವರೂ ಊರೆಲ್ಲ ನಡೆದರು.

ಹಾಗೆ ಸಿಕ್ಕಿದ್ದು ಈ ಕಣದ ಕಥೆ, ಅದರ ಒಡತಿ ಅಮೃತಮ್ಮನವರ ದನಿಯಲ್ಲಿ. “ನನ್ನ ಮಗಳ ಲಗ್ನಕ್ಕ ಸೇಡಂದಿಂದ ಲಾರಿ ತುಂಬ ಬೀಗರು ಬಂದಿದ್ರು. ಇದೇ ಕಣದಾಗ ಡ್ರೈವರ್ ಲಾರಿ ತಿರುಗಿಸಿದ, ಒಮ್ಮಿನೂ ಹಿಂದಕ ತಗೊಳ್ಳಿಲ್ಲ. ಬೀಗರ ಸಿಟ್ಟು ಹಿಂದಕ ತಗೊಳ್ಳಾಕ ಮಾತ್ರ ಭಾಳ ಹೊತ್ತು ಹಿಡೀತು!”

ಮೈತ್ರಿ ಆ ಗುರುತನ್ನು ಡಿಪೋದವರ ಮುಂದೆ ಒತ್ತಿದರು. ಅಧಿಕಾರಿ ಇನ್ನೊಮ್ಮೆ ಕೇಳಿಸಿಕೊಂಡರು. ನಕ್ಷೆ ತೋರಿಸಿದ ದಾರಿಯಲ್ಲೇ ಜೀಪಿನಲ್ಲಿ ಬಂದು ಕಣ ಅಳೆದರು. ಜಾಗ ಕೊಡುತ್ತೀರಾ ಎಂದಾಗ ಅಮೃತಮ್ಮ, “ಬೀಗರ ಲಾರಿಗಿ ಕೊಟ್ಟೀನಿ, ಹುಡುಗ್ಯಾರ ಬಸ್ಸಿಗಿ ಇಲ್ಲಂತೀನೇನು?” ಎಂದರು.

ಅಗೋ, ಹಾರ್ನ್! ಮಕ್ಕಳು ಕಸಬರಿಗೆ ಬಿಟ್ಟು ಓಡುತ್ತಾರೆ. ಬಸ್ಸು ಕಣಕ್ಕಿಳಿದು, ಧೂಳೆಬ್ಬಿಸಿ, ಒಂದೇ ಸುತ್ತಿಗೆ ತಿರುಗಿ ನಿಲ್ಲುತ್ತದೆ. “ನಾ ಹೇಳಿದ್ದಿಲ್ಲೇನು!” ಅಮೃತಮ್ಮ ಕೈತಟ್ಟುತ್ತಾರೆ. ಭೀಮಶ್ಯಾ ಮೈತ್ರಿಯ ಬಳಿ ಬಂದು ಮೆಲ್ಲಗೆ ಹೇಳುತ್ತಾರೆ: “ಹೈಸ್ಕೂಲಿಗಿ ಇಕಿ ಹೆಸರು ಹಚ್ಚಿಬಿಡ್ರಿ, ಟೀಚರ್.”

ಭಾಗ್ಯಜ್ಯೋತಿ ಆಗಲೇ ಬಸ್ಸಿನ ಪಕ್ಕ ನಿಂತು ನಕ್ಷೆಗೆ ಹೊಸ ಗುರುತು ಹಾಕುತ್ತಿದ್ದಾಳೆ. ಮೈತ್ರಿ ಮಾತ್ರ ಬಸ್ಸಿನ ಬೋರ್ಡು ನೋಡುತ್ತಿದ್ದಾರೆ. ಅದರಲ್ಲಿ ಕುಂಚಾವರಂ ಎಂದಷ್ಟೇ ಇದೆ.

“ನಮ್ಮ ನಕ್ಷಾದಾಗ ಊರು ಬಂತು. ಇನ್ನ ಆ ಬೋರ್ಡಿನ ಮ್ಯಾಲ ‘ಕರಿಗುಡ್ಡ’ ಅಂತ ಬರೀಬೇಕ್ರಿ. ಅಷ್ಟೇ ನನ್ನ ಆಸೆ.”